ತಟ್ಟೆಯಂಚಿನ ಮೀನಿನ ತಲೆ

ಚಪ್ ಚಪ್ — ಜಾಹೆ ತಿನ್ನುತ್ತಿದ್ದಾಳೆಯೇ, ಇಲ್ಲ, ನಲ್ಲಿ ತೊಟ್ಟಿಕ್ಕುತ್ತಿದೆ, ಅವಳಿನ್ನೂ ಬುಟ್ಟಿಯಲ್ಲೇ ಮುದುಡಿಕೊಂಡಿದ್ದಾಳೆ, ಶುಂಠಿ ಬಣ್ಣದ ಬೆಕ್ಕಿನ ಮೈತುಂಬ ದವಾಖಾನೆಯ ವಾಸನೆ, ಬಾಯಿಯ ಆ ಕೊಳೆತ ನಾತ ಮಾತ್ರ ಹೋಗಿದೆ, ರಂಜಾನಿನಲ್ಲಿ ಉಪವಾಸವಿದ್ದವರ ಬಾಯಿ ನಾರುವುದಿಲ್ಲವೇ ಹಾಗೆ ಅಂದುಕೊಂಡಿದ್ದೆನಲ್ಲ, ಎಂಥ ಮರುಳು ನಾನು, ನಮ್ಮವರು ತೀರಿಕೊಂಡ ಮೇಲೆ ಬೆಕ್ಕೂ ಉಪವಾಸ ಹಿಡಿದಿದೆ ಎಂದು ನಂಬಿಬಿಟ್ಟೆ. ತಟ್ಟೆಯ ಹತ್ತಿರ ಆಸೆಯಿಂದ ಓಡಿ ಬರುವುದು, ಮೂಸುವುದು, ಒಂದು ಸಲ ಕಚ್ಚಿ ಚೀರಿ ಹಿಂದೆ ಸರಿಯುವುದು — ಊಟ ಮುಗಿಸಿ ಅವರು ಉಪ್ಪುನೀರಲ್ಲಿ ಬೇಯಿಸಿದ ಪಿಂದಾಂಗ್ ಮೀನಿನ ತಲೆಯನ್ನು ತಟ್ಟೆಯಂಚಿಗೆ ಅವಳಿಗೆಂದೇ ಎತ್ತಿಡುತ್ತಿದ್ದರು, ನಾನೂ ಹಾಗೇ ಇಟ್ಟೆ, ತಲೆ ಅಲ್ಲೇ ಒಣಗುತ್ತಿತ್ತು. ಪಕ್ಕದ ಮನೆಯ ತುಮಿನೆಮ್ ಬಂದು ನಿಂತಳು, ಎಲ್ಲರ ಹಾಗೆ ನನ್ನನ್ನು ಇಬು, ಅಮ್ಮ, ಎಂದೇ ಕರೆಯುವವಳು, ನೋಡಿ ಇಬು, ಯಜಮಾನ್ರನ್ನ ನೆನೆಸ್ಕೊಂಡು ಕೊರಗ್ತಿದೆ, ಮಕ್ಳೂ ಇಷ್ಟು ಅಳಲ್ಲ. ಹೊಟ್ಟೆ ತಣ್ಣಗಾಯಿತು ನನಗೆ. ಗುರುವಾರ ಸಂಜೆ ಗೋರಿಗೆ ಹೂ ಹಾಕಲು ಹೋಗುವಾಗ ಅವಳನ್ನೂ ಬುಟ್ಟಿಯಲ್ಲಿ ಒಯ್ದೆ, ಗುಲಾಬಿ ಎಸಳಿನ ಮೇಲೆಲ್ಲ ಅವಳ ಜೊಲ್ಲು, ನೋಡಿ, ನಾನೊಬ್ಬಳೇ ಅಳುತ್ತಿಲ್ಲ ಎಂದು ಮಣ್ಣಿಗೆ ಹೇಳಿದೆ, ಅವತ್ತು ಚೆನ್ನಾಗಿ ನಿದ್ದೆ ಬಂತು.

ಜೊಲ್ಲಿನಲ್ಲಿ ರಕ್ತ ಕಂಡ ಮೇಲೆ ಪಶು ಡಾಕ್ಟರ್ ಲಾರಸ್ ಹತ್ತಿರ ಓಡಿದ್ದು, ಇನ್ನೂ ಎಳೇ ವಯಸ್ಸಿನ ಹುಡುಗಿ, ಜಾಹೆಯ ತುಟಿ ಎತ್ತಿ ತೋರಿಸಿದಳು, ಒಸಡು ಕೆಂಡದಂತೆ, ಹಲ್ಲಿನ ಬುಡದಲ್ಲಿ ಕಂದು ಕಲ್ಲು, ಅವಳು ಮೆಲ್ಲಗೆ ಮುಟ್ಟಿದ್ದೇ ದವಡೆ ಗಡಗಡ ನಡುಗಿತು, ಎಕ್ಸ್‌ರೇಯಲ್ಲಿ ಬೇರುಗಳೇ ಕರಗಿಹೋಗಿದ್ದವು. ತಲೆ ಒಂದು ಕಡೆ ವಾಲಿಸಿ ತಿಂತಿತ್ತಾ ಇಬು? ಹೂಂ, ಅವರು ಬರೋ ಬಾಗಿಲ ಕಡೆ ನೋಡ್ತಿದೆ ಅನ್ಕೊಂಡೆ. ಅವಳು ನಗಲಿಲ್ಲ, ಪಾಪ. ಇದು ಹಲ್ಲುನೋವು ಇಬು, ಯಜಮಾನ್ರು ಇದ್ದಾಗ್ಲೇ ಶುರುವಾಗಿರ್ಬೇಕು. ಅರಿವಳಿಕೆ ಕೊಟ್ಟು ಹಿಂದಿನ ಹಲ್ಲೆಲ್ಲ ಕಿತ್ತು ಹೊಲಿಗೆ ಹಾಕಿದಳು, ಕಳಿಸುವಾಗ ಅಂದಳು, ಮುಳ್ಳು ತೆಗ್ದು ನುಣ್ಣಗೆ ಹಿಸುಕಿ ಕೊಡಿ.

ಹಿಸುಕಿ — ಅವರ ಬೆರಳುಗಳು, ತಟ್ಟೆಯಂಚಿನಲ್ಲಿ ಆ ಮೀನಿನ ತಲೆಯನ್ನು ಹಿಸುಕುತ್ತಿದ್ದ ಬೆರಳುಗಳು, ಊಟದ ತಟ್ಟೇಲಿ ಏನ್ರೀ ಆಟ ಎಂದು ರೇಗುತ್ತಿದ್ದೆ, ಕೈ ನೆಟ್ಟಗೆ ತೊಳ್ಕೊಳಿ, ಹಾಸಿಗೆಯೆಲ್ಲ ಮೀನು ನಾರುತ್ತೆ, ಅವರು ನಕ್ಕು ಇನ್ನಷ್ಟು ನುಣ್ಣಗೆ ಹಿಸುಕುತ್ತಿದ್ದರು, ಅವಳ ಹಲ್ಲುನೋವು ಅವರಿಗೆ ಗೊತ್ತಿತ್ತು, ನಾನು ಇಡೀ ತಲೆ ಇಟ್ಟು ಅವಳು ಅಳುವುದನ್ನು ನೋಡುತ್ತ ಕೂತಿದ್ದೆ. ಈಗ ಹಿಸುಕುತ್ತಿದ್ದೇನೆ, ಬಾ ಜಾಹೆ, ಬರಬೇಡ, ನೀನು ತಿಂದುಬಿಟ್ಟರೆ ಈ ಮನೆಯಲ್ಲಿ ಅವರಿಗಾಗಿ ಕೊರಗುವವಳು ನಾನೊಬ್ಬಳೇ, ಬಾ, ಎದ್ದಳು, ಬಂದಳು, ಚೀರಲಿಲ್ಲ, ಚಪ್ ಚಪ್, ಹಿಂದಿನ ಹಲ್ಲಿಲ್ಲದ ಬಾಯಿ, ಬಾಲ ನೆಟ್ಟಗೆ, ತಟ್ಟೆ ನೆಕ್ಕಿ ಮುಗಿಸಿ ಬಿಸಿಲು ಹುಡುಕಿಕೊಂಡು ಹೊರಟೇಹೋದಳು. ಕೈ ತೊಳೆಯಬೇಕು, ನಲ್ಲಿ ತೊಟ್ಟಿಕ್ಕುತ್ತಿದೆ, ತೊಳೆಯಲಾರೆ, ಕೈ ಮೂಗಿನ ಹತ್ತಿರ — ಮೀನಿನ ವಾಸನೆ, ತಟ್ಟೆಯಂಚಿನಲ್ಲಿ ಅವರ ಬೆರಳುಗಳು, ಹಿಸುಕುತ್ತಿವೆ, ಹಿಸುಕುತ್ತಿವೆ