ಸಿದ್ದೀಕಾಳ ಸೀರೆ ತಿಂದ ಹುಳ

ಸೀರೆಯ ಮಡಿಕೆ ಬಿಚ್ಚಿದ ಭುವನೇಶ್ವರಿ ಸೆರಗನ್ನು ಬೆಳಕಿಗೆ ಹಿಡಿದಳು. ಫಾಲ್ ಹಚ್ಚಲು ಅದೇ ಓಣಿಯ ಸಿದ್ದೀಕಾ ಕೊಟ್ಟುಹೋಗಿದ್ದ ಹೊಸ ರೇಷ್ಮೆ ಸೀರೆಯ ಸೆರಗಿನಲ್ಲಿ ಸಣ್ಣ ಸಣ್ಣ ತೂತು. ಬೆಳ್ಳಿ ಬಣ್ಣದ ಹುಳವೊಂದು ಮಡಿಕೆಯಿಂದ ಜಾರಿ, ಮೀನಿನ ಹಾಗೆ ನುಲಿಯುತ್ತ ಅಲ್ಮೇರಿಯ ಹಿಂದೆ ನುಸುಳಿತು. ಚಪ್ಪಲಿ ಎತ್ತುವಷ್ಟರಲ್ಲಿ ಮಾಯ.

ಸಿಂದಗಿಯ ಆ ಮನೆಯ ಹೊರಕೋಣೆಯಲ್ಲಿ ಆಕೆ ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಮಳೆಗಾಲದಿಂದ ಈ ಹುಳದ ಕಾಟ. ಡಾಂಬರು ಗುಳಿಗೆ ಇಟ್ಟಳು, ಬೇವಿನೆಲೆ ಹಾಸಿದಳು, ಔಷಧಿ ಹೊಡೆದು ತಾನೇ ಕೆಮ್ಮಿದಳು. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಹಾಜರು. ಅಲ್ಮೇರಿಯ ಹಿಂದಿನ ಗೋಡೆ ಸದಾ ಹಸಿ; ಆಚೆ ಬಚ್ಚಲುಮನೆ, ಪೈಪು ಸೋರುತ್ತಿತ್ತು. ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡ ಮಾಳಿಂಗನಿಗೆ ಹೇಳಿ ಹೇಳಿ ಸಾಕಾಗಿತ್ತು.

"ಊರ ಮಂದಿ ಮೋಟರ್ ರಿಪೇರಿ ಮಾಡ್ತೀರಿ, ನಮ್ಮ ಮನಿ ಪೈಪಿಗೆ ಪುರಸೊತ್ತಿಲ್ಲೇನ್ರಿ?"

"ಐತವಾರ ನೋಡೂಣು ತಗೊ."

ಆ ಐತವಾರ ಬರಲೇ ಇಲ್ಲ.

ಅದೇ ಗೋಡೆಗೆ, ಅಲ್ಮೇರಿಯ ಮೇಲ್ಗಡೆಯ ಮೊಳೆಗೆ ಅತ್ತೆ ಚಂದವ್ವ ದೇವರ ಕ್ಯಾಲೆಂಡರು ತೂಗುಹಾಕುತ್ತಿದ್ದಳು. ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದು. ವರ್ಷಗಟ್ಟಲೆ ಹಾಗೇ ಸೇರಿ ಅದು ಹಾಸಿಗೆಯಷ್ಟು ದಪ್ಪಗಾಗಿತ್ತು. ತೆಗೆಯೋಣ ಎಂದರೆ, "ದೇವರ ಪಟ ಕಸದಾಗ ಒಗೀತಿ ಏನ?" ಎಂದು ಮುದುಕಿ ಮೈಮೇಲೆ ಏರಿಬರುತ್ತಿದ್ದಳು.

ಸಂಜೆ ಸಿದ್ದೀಕಾ ಬಂದಳು. ಭುವನೇಶ್ವರಿ ಮುಚ್ಚಿಡಲಿಲ್ಲ, ಸೆರಗು ಹರವಿ ತೋರಿಸಿದಳು.

"ಹುಳಾ ತಿಂದೈತಿ ಆಪಾ. ತಪ್ಪಾತು. ಹೊಸಾದು ಕೊಡಸ್ತೇನಿ."

"ನನ್ನ ಮಗಳು ನಿಷತಳ ನಿಶ್ಚಯ ನಾಡಿದ್ದೈತಿ! ಇದ ಸೀರಿ ಎಲ್ಲಿಂದ ತರ್ಲಿ ನಾ? ನಿನ್ನ ಮ್ಯಾಲ ಭರೋಸಾ ಇಟ್ಟಿದ್ದೆ." ಹೊಲಿಯಲು ಕೊಟ್ಟಿದ್ದ ಉಳಿದ ಬಟ್ಟೆಗಳನ್ನೂ ಸೆಳೆದುಕೊಂಡು ಸಿದ್ದೀಕಾ ತಿರುಗಿ ನೋಡದೆ ಹೋದಳು.

ಭುವನೇಶ್ವರಿ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಮೇರಿ ಜಗ್ಗಿದಳು. ಸ್ಟೂಲು ಹತ್ತಿ ಕ್ಯಾಲೆಂಡರಿನ ಗಂಟಿಗೇ ಕೈ ಹಾಕಿದಳು.

"ಮುಟ್ಟಬ್ಯಾಡ ಅಂದೇನಿ!" ಚಂದವ್ವ ಓಡಿಬಂದಳು.

"ನೀವ ನೋಡ್ರಿ ಅತ್ತಿ, ಯಾರ್‍ನ ಸಾಕೇರಿ ಅಂತ."

ಒದ್ದೆ ಕಾಗದದ ಗಂಟು ದೊಪ್ಪನೆ ಬಿದ್ದು ಬಿಚ್ಚಿಕೊಂಡಿತು. ಹಾಳೆ ಹಾಳೆಯ ನಡುವಿನಿಂದ ಹುಳಗಳು ಬುಳುಬುಳು ಹೊರಬಿದ್ದವು. ಒಳಗಿನ ಲಕ್ಷ್ಮಿಯ ಮುಖ ಅರ್ಧಕ್ಕರ್ಧ ಇರಲಿಲ್ಲ. ಚಂದವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಹಾಳೆ ಎತ್ತಿ ಹುಳ ಕೊಡವುತ್ತ, "ಕಸದಾಗ ಬ್ಯಾಡ. ನನ್ನ ತವರಮನಿ ದೇವಣಗಾಂವಕ್ಕ ಒಯ್ದು ಭೀಮಾ ಹೊಳೀಗಿ ಬಿಡೂಣು," ಎಂದಳು.

ಮಾಳಿಂಗ ಮನೆಗೆ ಬಂದಾಗ ಕೋಣೆ ತುಂಬ ಸಾಮಾನು ಹರಡಿತ್ತು, ಹೆಂಡತಿ ಹಸಿ ಗೋಡೆ ಒರೆಸುತ್ತಿದ್ದಳು. ಬೈದದ್ದು ಅವನ ತಾಯಿ. ಮರುದಿನವೇ ಪೈಪು ಬದಲಾಯಿತು.

ಗೋಡೆ ಒಣಗಲು ಬೇಸಿಗೆಯೇ ಬರಬೇಕಾಯಿತು. ಬಟ್ಟೆಗಳೆಲ್ಲ ಈಗ ಮುಚ್ಚಳದ ಡಬ್ಬಿಗಳಲ್ಲಿ. ಹುಳ ಕಡಿಮೆಯಾದವು, ಗಿರಾಕಿಗಳೂ ಕಡಿಮೆಯಾಗಿದ್ದರು. ಓಣಿಯಲ್ಲಿ ಸುದ್ದಿ ಹಬ್ಬಿತ್ತು. ಸೀರೆಗೆ ಬದಲು ಸೀರೆ ಕೊಟ್ಟರೂ ಸಿದ್ದೀಕಾ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಆಕೆಯೇ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಅಂಚು ಹರಿದ ಹಳೆಯ ಲಂಗ.

"ಇಟ್ಟು ಹೋಗ್ರಿ ಆಪಾ, ಸಂಜೀಕ ಕೊಡ್ತೇನಿ."

"ಇಟ್ಟು ಹೋಗಂಗಿಲ್ಲ. ಇಲ್ಲೇ ಕುಂದರ್ತೇನಿ. ಈಗ ಹೊಲಿ."

ಭುವನೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಆದರೂ ಲಂಗಕ್ಕೆ ಕೈ ಚಾಚಿದಳು. ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಆಕೆಗೆ ಜಾಗ ಮಾಡಿ, ಸೂಜಿಗೆ ದಾರ ಪೋಣಿಸತೊಡಗಿದಳು.