ಒಂದು ಸಾಲು ಮೇಲೆ

ಶಿಷ್ಯೆಯ ಪ್ರಬಂಧದ ಕರಡು ಮೇಜಿನ ಮೇಲಿತ್ತು. ಇನ್ನೂರ ಹದಿನಾಲ್ಕು ಪುಟ. ನಾನು ಮೊದಲು ತೆರೆದದ್ದು ಕೃತಜ್ಞತೆಯ ಪುಟವನ್ನು. ಹಾಗೆ ಮಾಡುವುದಿಲ್ಲ ಎನ್ನುವ ಮೇಷ್ಟ್ರುಗಳು ಸುಳ್ಳು ಹೇಳುತ್ತಾರೆ. ಅಲ್ಲಿ ಗ್ರಂಥಪಾಲಕಿಯ ಹೆಸರು ನನ್ನ ಹೆಸರಿಗಿಂತ ಒಂದು ಸಾಲು ಮೇಲಿತ್ತು.

"ಇದೇನಮ್ಮ, ಗೈಡ್ ನಾನೋ ಅವರೋ?" ಎಂದೆ, ನಗುತ್ತಲೇ.

"ಸರಿಮಾಡ್ತೀನಿ ಸಾರ್" ಎಂದು ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು.

ಈ ಗ್ರಂಥಪಾಲಕಿ ನನ್ನ ಸಹಪಾಠಿ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದೊಂದು ವಿಷಯಕ್ಕೂ ಒಬ್ಬೊಬ್ಬರಿದ್ದಾರೆ. ಮಣ್ಣು, ಗೋಡೆ, ಸೇತುವೆಗಳೆಲ್ಲ ಇವಳ ಪಾಲು. ಓದುವಾಗ ಮೊದಲ ಸ್ಥಾನ ನನ್ನದು, ಎರಡನೆಯದು ಅವಳದು. ನಾನು ಪ್ರಾಧ್ಯಾಪಕನಾದೆ, ವಿಭಾಗದ ಮುಖ್ಯಸ್ಥನೂ ಆದೆ. ಅವಳು ಮೂರನೇ ಮಹಡಿಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಕೂತಳು. ಆದರೆ ವಿದ್ಯಾರ್ಥಿಗಳು ನನ್ನ ಬಳಿ ಬರುವುದು ಸಹಿಗೆ, ಅವಳ ಬಳಿ ಹೋಗುವುದು ದಾರಿ ಕೇಳಲು. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ವಾರವೇ ಆಡಳಿತ ಕಚೇರಿಯಿಂದ ಒಂದು ನಮೂನೆ ಬಂತು. ವಿಷಯಕ್ಕೊಬ್ಬರು ಯಾಕೆ, ಕೆಳಗಡೆ ಎಲ್ಲರಿಗೂ ಒಂದೇ ಸಹಾಯದ ಮೇಜು ಸಾಲದೆ ಎಂದು ಅವರ ಯೋಚನೆ. ಪ್ರತಿ ವಿಭಾಗದ ಮುಖ್ಯಸ್ಥರು ಒಂದು ನಿದರ್ಶನ ಬರೆದು ಸಹಿ ಹಾಕಬೇಕು: 'ಇವರು ಇಲ್ಲದಿದ್ದರೆ ಏನಾಗುತ್ತಿತ್ತು?' ತಕ್ಕ ನಿದರ್ಶನವಿಲ್ಲದಿದ್ದರೆ ಹುದ್ದೆ ರದ್ದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

"ಏನಂತ ಬರೀತೀರಿ?" ಎಂದಳು ಹೆಂಡತಿ, ಒಗೆದ ಬಟ್ಟೆ ಮಡಚುತ್ತಾ.

"ಏನೂ ಆಗ್ತಿರ್ಲಿಲ್ಲ ಅಂತ."

"ಮೂವತ್ತು ವರ್ಷ ಆದ್ರೂ ನಿಮ್ಮ ಪರೀಕ್ಷೆ ಮುಗೀಲಿಲ್ಲ ನೋಡಿ. ಅವರನ್ನ ಮೂರನೇ ಸ್ಥಾನಕ್ಕೆ ತಳ್ಳೋವರೆಗೂ ಸಮಾಧಾನ ಇಲ್ಲ ಅಲ್ವಾ?"

ಮಾತು ಚುಚ್ಚಿತು. ಅನ್ಯಾಯ ಮಾಡಿದೆ ಎನ್ನಿಸಿಕೊಳ್ಳಬಾರದೆಂದು ಗ್ರಂಥಪಾಲಕಿಗೊಂದು ಪರೀಕ್ಷೆ ಒಡ್ಡಿದೆ. ಜೇಡಿಮಣ್ಣು ನೀರು ಕುಡಿದು ಉಬ್ಬಿದಾಗ ಅದರ ಒತ್ತಡಕ್ಕೆ ಕಾಲುವೆಯ ತಡೆಗೋಡೆ ಎಷ್ಟು ಬಾಗುತ್ತದೆಂದು ಮೊದಲೇ ಹೇಳುವ ಸೂತ್ರವೊಂದು ನನ್ನ ಬಳಿಯಿತ್ತು. ಹನ್ನೊಂದು ವರ್ಷದ ಬೆವರು. ಅದರ ಲೇಖನ ಶುಕ್ರವಾರ ಸಂಶೋಧನಾ ಪತ್ರಿಕೆಗೆ ಹೊರಡಬೇಕಿತ್ತು. ಇದನ್ನು ನನಗಿಂತ ಮೊದಲು ಯಾರಾದರೂ ಮಾಡಿದ್ದಾರಾ, ಹುಡುಕು ಎಂದೆ. ಇಲ್ಲವೆಂದು ನನಗೆ ಗೊತ್ತಿತ್ತು. ಬರಿಗೈಯಲ್ಲಿ ಬರುತ್ತಾಳೆ, ಅದನ್ನೇ ಬರೆಯುತ್ತೇನೆ.

"ನೀನು ಎಲ್ಲೆಲ್ಲಿ ಹುಡುಕಿದೆ?" ಎಂದಳು.

"ನಮ್ಮ ಪತ್ರಿಕೆಗಳಲ್ಲಿ. ಮತ್ತೆಲ್ಲಿ?"

"ಗೋಡೆ ಬಾಗಿದ್ರೆ ನಿಂಗೆ ಪೇಪರ್ ಸಿಗುತ್ತೆ. ತಲೆನೋವು ಯಾರಿಗೆ, ಹೇಳು?"

"ಕಾಲುವೆ ನೋಡ್ಕೊಳ್ಳೋರಿಗೆ."

"ಅವರು ಪೇಪರ್ ಬರೆಯಲ್ಲ. ವರದಿ ಬರೀತಾರೆ."

ಮೂರನೆಯ ದಿನ ಅವಳೇ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಕೈಯಲ್ಲಿ ಮೂವತ್ತಾರು ವರ್ಷ ಹಳೆಯ ಕಾಲುವೆ ದುರಸ್ತಿ ವರದಿಯ ನಕಲು. ಕೊನೆಯ ಅನುಬಂಧದಲ್ಲಿ, ಯಾರೋ ಕಿರಿಯ ಎಂಜಿನಿಯರ್ ಹೆಸರಿನ ಕೆಳಗೆ, ನನ್ನ ಸೂತ್ರ. ಅಕ್ಷರಗಳು ಬೇರೆ, ಅಷ್ಟೆ. ಸಾಲದ್ದಕ್ಕೆ ಗೋಡೆಯ ತೂತುಗಳಿಂದ ಸೋರುವ ನೀರನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ, ನಾನು ಬಿಟ್ಟಿದ್ದೆ.

"ಯಾರಿಗೂ ಹೇಳಿಲ್ಲ" ಎಂದಳು. "ಆ ನಮೂನೇಲಿ ಇದನ್ನ ಬರೀಬೇಡ, ನಿನ್ನ ಮರ್ಯಾದೆ ಪ್ರಶ್ನೆ. ಹುಡುಗರದ್ದು ಯಾವುದಾದ್ರೂ ಬರಿ."

ಗೆದ್ದೆನೆಂದು ಮೆರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಕೆಲಸಕ್ಕೇ ಕುತ್ತು ಬಂದಿರುವಾಗ ನನ್ನ ಮಾನ ಕಾಯುತ್ತಾಳಲ್ಲ! ಒಳ್ಳೆಯತನದಲ್ಲೂ ಮೊದಲ ಸ್ಥಾನ ಇವಳಿಗೇ ಬೇಕೇನು ಎಂದು ಇನ್ನಷ್ಟು ಉರಿದುಕೊಂಡೆ.

ಅವಳು ಹೇಳಿದಂತೆಯೇ ಮಾಡಿದೆ. ಒಬ್ಬ ವಿದ್ಯಾರ್ಥಿಗೆ ಎರಡು ಅಪರೂಪದ ಪುಸ್ತಕ ತರಿಸಿಕೊಟ್ಟದ್ದನ್ನು ಬರೆದು ಕಳಿಸಿದೆ. ಮಧ್ಯಾಹ್ನ ಕಚೇರಿಯ ಗುಮಾಸ್ತರ ಫೋನು.

"ಸಾರ್, ಪುಸ್ತಕ ತರಿಸೋದನ್ನ ಕೆಳಗಿನ ಮೇಜಿನೋರೂ ಮಾಡ್ತಾರಂತೆ. ಇದು ಸಾಲಲ್ಲ ಅಂದ್ರು. ಬೇರೆ ಏನಾದ್ರೂ ಇದೆಯಾ? ಸಂಜೆ ಐದಕ್ಕೆ ಕೊನೆ."

ಬೇರೆಯದು, ಆ ವರದಿಯ ನಕಲು, ನನ್ನ ಡ್ರಾಯರಿನಲ್ಲಿತ್ತು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಕಿಟಕಿ ಪಕ್ಕದ ಮೇಜು ಖಾಲಿಯಾಗುತ್ತಿತ್ತು, ಅವಳು ಹೋಗುವಾಗಲೂ ಬಾಯಿ ಬಿಡುತ್ತಿರಲಿಲ್ಲ. ಬಿಡುತ್ತಿರಲಿಲ್ಲ ಎಂಬುದು ನನಗೆ ಖಂಡಿತವಾಗಿ ಗೊತ್ತಿತ್ತು. ಅದೇ ನನ್ನನ್ನು ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ.

"ಇದೆ ಕಣ್ರೀ" ಎಂದೆ. ಹೊಸ ನಮೂನೆ ತೆಗೆದುಕೊಂಡು ಬರೆದೆ: 'ಇವರಿಲ್ಲದಿದ್ದರೆ, ವಿಭಾಗದ ಮುಖ್ಯಸ್ಥನಾದ ನಾನು ಹಳೆಯ ಕಾಲುವೆ ವರದಿಯಲ್ಲಿದ್ದ ಬೇರೊಬ್ಬರ ಸೂತ್ರವನ್ನು ನನ್ನದೆಂದು ಅಚ್ಚು ಹಾಕಿಸಿ ಕಳ್ಳ ಎನ್ನಿಸಿಕೊಳ್ಳುತ್ತಿದ್ದೆ.' ಸಹಿ ಹಾಕಿ, ನಾನೇ ಹೋಗಿ ಕೊಟ್ಟು ಬಂದೆ.

ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರಂತೆ. ನಕ್ಕರಂತೆ. ಈಗ ಕಾರಿಡಾರಿನಲ್ಲಿ ನನ್ನ ಹೆಸರು 'ಕಾಲುವೆ ಮೇಷ್ಟ್ರು'. ಅವಳ ಹುದ್ದೆ ಉಳಿಯಿತು.

ಹದಿನೈದು ದಿನಕ್ಕೆ ಶಿಷ್ಯೆ ಅಂತಿಮ ಪ್ರತಿ ತಂದಳು. "ಸರಿಮಾಡಿದ್ದೀನಿ ಸಾರ್."

ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಮೇಲಿತ್ತು, ಗ್ರಂಥಪಾಲಕಿಯದು ಕೆಳಗೆ. ಬಹಳ ಹೊತ್ತು ನೋಡಿದೆ. ನೋಡಲು ಚೆನ್ನಾಗಿಯೇ ಇತ್ತು. ಕೆಂಪು ಪೆನ್ನು ತೆಗೆದು, ಕೆಳಗಿನ ಸಾಲಿನಿಂದ ಮೇಲಕ್ಕೊಂದು ಬಾಣ ಎಳೆದೆ.

"ಮೊದಲಿದ್ದ ಹಾಗೇ ಇರ್ಲಿ" ಎಂದೆ. ಬಾಣ ಎಳೆಯುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.