ನಡುಹೊಳೆಯ ಮಾತು

ಶಿವರಾತ್ರಿ ಕಳೆದು, ಕೃಷ್ಣೆ ಬಂಡೆಗಳ ನಡುವೆ ತಗ್ಗಿ ಹರಿಯುತ್ತಿದ್ದ ದಿನಗಳು. ಹಿರೇಗಡ್ಡಿಯ ಹೆಂಗಸರು ಕಣದಲ್ಲಿ ಜೋಳ ತೂರುತ್ತಿದ್ದರು. ದಂಡೆಯ ಬೇವಿನ ನೆರಳಲ್ಲಿ ಅಂಬಿಗರ ಹುಸೇನಪ್ಪ ಬಿದಿರು ಸೀಳುತ್ತಿದ್ದ. ಆ ಸೀಳುಗಳಿಂದ ನಾನು ಹುಟ್ಟಿದೆ. ನಾನು ಒಂದು ಹರಿಗೋಲು.

ಹರಿಗೋಲು ಅಂದರೆ ಮನುಷ್ಯರು ಕೂರುವಷ್ಟು ದೊಡ್ಡ ಬುಟ್ಟಿ, ಅಷ್ಟೇ. ಹುಸೇನಪ್ಪನ ಅಜ್ಜನ ಕಾಲಕ್ಕೆ ಅದಕ್ಕೆ ಎಮ್ಮೆಯ ತೊಗಲು ಹೊದಿಸುತ್ತಿದ್ದರಂತೆ. ನನಗೆ ಸಿಕ್ಕಿದ್ದು ಹಿಂದಿನ ಚುನಾವಣೆಯ ಫ್ಲೆಕ್ಸು. ಅದರಲ್ಲಿ ಕೈಮುಗಿದು ನಿಂತಿದ್ದ ಅಭ್ಯರ್ಥಿಯ ಮುಖವನ್ನು ನೀರಿನ ಕಡೆಗೆ ತಿರುಗಿಸಿ, ಬಿಗಿದು ಹೊಲಿದು, ಮೇಲೆ ಡಾಂಬರು ಬಳಿದ.

ಮಗಳು ದೇವಮ್ಮ ನಕ್ಕಳು. "ಆರಿಸಿ ಬಂದ ಮ್ಯಾಲ ಊರ ಕಡಿ ಮುಖ ಹಾಕಲಿಲ್ಲ ಇಂವ. ಇನ್ನ ದಿನಾ ಹೊಳಿ ದಾಟ್ತಾನ ನೋಡಪ್ಪ."

"ದಾಟ್ಲಿ ಬಿಡವಾ. ಹಿಂಗರ ಊರಿಗೆ ಉಪಯೋಗ ಆಗ್ತಾನ."

ಹಿರೇಗಡ್ಡಿಯ ಸುತ್ತ ಹೊಳೆ. ಉಪ್ಪು, ರೇಷನ್ ಅಕ್ಕಿ, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ನನ್ನ ಮಡಿಲಲ್ಲೇ ದಾಟಬೇಕು. ದೇವಮ್ಮನಂತೂ ದಿನವೂ ದಾಟುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಆಚೆ ದಡದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಪ್ಪ ಮಗಳ ಒಲೆ ಉರಿಯುತ್ತಿದ್ದುದು ಬಹುಪಾಲು ಆ ಕೆಲಸದಿಂದ.

ಕಷ್ಟ ಇದ್ದದ್ದು ಆಚೆ ದಡದಲ್ಲಿ. ಅಲ್ಲಿ ನೀರು ತೆಳುವಾದ ಕಾರಣ ನಾನು ದಡಕ್ಕೆ ತಾಗಲಾರೆ. ಜನ ಮೊಣಕಾಲುದ್ದ ನೀರಲ್ಲಿ ಇಳಿದು ನಡೆಯಬೇಕು. ಅದೇ ಜಾಗದಲ್ಲಿ ಉಸುಕಿನ ಲಾರಿಗಳು ಬಂದು ಹೊಳೆಯ ಒಡಲನ್ನು ತೋಡತೊಡಗಿದವು. ಮೇಲೆ ನೋಡಿದರೆ ಒಂದೇ ಸಮ ನೀರು, ಕೆಳಗೆ ಆಳು ಮುಳುಗುವ ಗುಂಡಿ. ಬೇಸಿಗೆಯಲ್ಲಿ ಹುಟ್ಟುಗೋಲಿನಿಂದ ತಡವಿ ದಾರಿ ಹುಡುಕಬಹುದಿತ್ತು. ಮಳೆ ಬಿದ್ದು ನೀರು ಕೆಂಪಗಾದರೆ ಅದೂ ಆಗದು.

ಊರಿನ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಎರಡು ಮನೆಗಳ ನಡುವೆ ತಂಟೆ ಬಂದರೆ ಇಬ್ಬರನ್ನೂ ಹರಿಗೋಲಿನಲ್ಲಿ ಕೂರಿಸಿ ನಡುಹೊಳೆಗೆ ಒಯ್ಯುತ್ತಾರೆ. ಅಂಬಿಗ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಹರಿಗೋಲು ಮೆಲ್ಲಗೆ ತನ್ನಷ್ಟಕ್ಕೆ ತಿರುಗತೊಡಗುತ್ತದೆ. ಆಗ ನೀರಲ್ಲಿ ಕೈಯದ್ದಿ ಆಡಿದ ಮಾತೇ ಮಾತು. ತಪ್ಪಿದವನಿಗೆ ಮತ್ತೆ ಹರಿಗೋಲಿಲ್ಲ. ಪಾಲಿನ ಎಮ್ಮೆಯ ವಿಷಯದಲ್ಲಿ ಮಾತು ತಪ್ಪಿದ ಮಾರೆಪ್ಪ, ಹೊಗೆಸೊಪ್ಪು ಮುಗಿದ ಮೇಲೆ ತರಲು ದಾಟಲಾಗದೆ ದಂಡೆಯಲ್ಲಿ ಕೂತು ಹುಸೇನಪ್ಪನನ್ನು ಬಾಯಿಗೆ ಬಂದಂತೆ ಬೈದ, ಆಮೇಲೆ ಅತ್ತ. ವಾರ ಕಳೆಯುವುದರೊಳಗೆ ತಾನೇ ಎಮ್ಮೆ ಹೊಡೆದುಕೊಂಡು ಹೋಗಿ ತಮ್ಮನ ಗೂಟಕ್ಕೆ ಕಟ್ಟಿ ಬಂದ.

ಮರುಬೇಸಿಗೆ ಚುನಾವಣೆ ಬಂತು. ಗುಂಡಿ ಮುಚ್ಚುವ ತನಕ ಓಟು ಹಾಕುವುದಿಲ್ಲ ಎಂದು ಊರೆಲ್ಲ ಒಂದಾಗಿ ಕೂತಿತ್ತು. ಆಗ, ಈ ಸಲ ಹೊಸದಾಗಿ ಚುನಾವಣೆಗೆ ನಿಂತಿದ್ದ ಆಚೆ ದಡದ ಸೂಗಪ್ಪ ಸಾವ್ಕಾರ ನನ್ನಲ್ಲಿ ಕೂತು ಊರಿಗೆ ಬಂದ. ಬಿಳಿ ಧೋತರ ನೆನೆಯದಂತೆ ಎತ್ತಿ ಹಿಡಿದಿದ್ದ. ಬೇವಿನ ಕಟ್ಟೆಯ ಮೇಲೆ ನಿಂತು ತನ್ನ ವಿಚಾರಗಳನ್ನು ಒಂದೊಂದಾಗಿ ಹೇಳಿದ. ಹೊಳೆಗೆ ಸೇತುವೆ ಆಗಲೇಬೇಕು. ಊರಲ್ಲೇ ಒಬ್ಬ ನರ್ಸಮ್ಮ ಇರಲೇಬೇಕು. ಉಸುಕಿನ ಲಾರಿಗಳು ನಿಲ್ಲಲೇಬೇಕು. ಜನ ಚಪ್ಪಾಳೆ ತಟ್ಟಲಿಲ್ಲ.

ಹಿಂದಕ್ಕೆ ಹೊರಟಾಗ ದೇವಮ್ಮನೂ ಹತ್ತಿ ಕೂತಳು. ನಡುಹೊಳೆಗೆ ಬಂದದ್ದೇ ಹುಸೇನಪ್ಪ ಹುಟ್ಟು ಎತ್ತಿದ. ನಾನು ತಿರುಗತೊಡಗಿದೆ. ಸಾವ್ಕಾರ ನನ್ನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ಯಾಕೋ ಹುಸೇನಪ್ಪ, ನಿಲ್ಲಿಸಿದಿ?"

"ಕಟ್ಟಿ ಮ್ಯಾಲ ಹೇಳಿದ್ದು ಇಲ್ಲೊಮ್ಮೆ ಹೇಳ್ರಿ ಸಾವ್ಕಾರ್ರ. ನೀರಾಗ ಕೈ ಇಟ್ಟು ಹೇಳ್ರಿ," ಎಂದಳು ದೇವಮ್ಮ.

ಸಾವ್ಕಾರ ಅಂಚಿನಿಂದ ಕೈ ತೆಗೆಯಲಿಲ್ಲ. "ಸೇತುವಿ ನನ್ನ ಕೈಯಾಗ ಇಲ್ಲ ತಾಯಿ. ಯಾರು ಬಂದ್ರೂ ಆಗಂಗಿಲ್ಲ."

"ನರ್ಸಮ್ಮ?"

"ಈ ನಡುಗಡ್ಡಿಗೆ ಯಾರು ಬಂದು ಇರ್ತಾರ ಹೇಳು?"

"ಉಸುಕು? ಲಾರಿ ನಿಮ್ಮ ಅಳಿಯಂದಾವ. ಅದರ ನಿಮ್ಮ ಕೈಯಾಗ ಐತಲ್ರಿ?"

ನಾನು ಇನ್ನೊಂದು ಸುತ್ತು ತಿರುಗಿದೆ. ಸಾವ್ಕಾರ ಬಗ್ಗಿ ನೀರಲ್ಲಿ ಕೈಯದ್ದಿದ. "ಮಳಿ ಬರೂದರಾಗ ಲಾರಿ ನಿಲ್ಲಸ್ತೀನಿ. ಗುಂಡಿ ಮುಚ್ಚಸ್ತೀನಿ. ಸಾಕೇನವಾ?"

ಊರಿಗೆ ಅಷ್ಟು ಸಾಕಾಯಿತು. ಆಗದ್ದನ್ನು ಆಗದು ಎಂದವನು, ಆಗುತ್ತದೆ ಎಂದದ್ದನ್ನು ಮಾಡಿಯೇ ಮಾಡುತ್ತಾನೆ ಎಂದು ಜನ ನಂಬಿದರು. ಹಟ ಬಿಟ್ಟು ಓಟು ಹಾಕಿದರು. ಹಾಕಲು ಅವರನ್ನು ದಾಟಿಸಿದವನು ನಾನೇ. ಸಾವ್ಕಾರ ಗೆದ್ದ.

ಮಳೆ ಬಂತು. ಲಾರಿಗಳೂ ಬಂದವು, ಮೊದಲಿಗಿಂತ ಹೆಚ್ಚಾಗಿ. ಒಂದು ಬೆಳಿಗ್ಗೆ ದೇವಮ್ಮ ನನ್ನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಕಾಣದಾದಳು. ಹುಸೇನಪ್ಪ ಹುಟ್ಟು ಚಾಚಿದ. ಅದನ್ನು ಹಿಡಿದು ಮೇಲೆ ಬಂದವಳು ನನ್ನ ಅಂಚಿಗೆ ತಲೆ ಇಟ್ಟು ಬಹಳ ಹೊತ್ತು ಕೆಮ್ಮಿದಳು. ಅಂದಿನಿಂದ ಯಾರೂ ಮಕ್ಕಳನ್ನು ಕಳಿಸಲಿಲ್ಲ. ನೀರು ಇಳಿಯುವ ತನಕ ನಾನು ದಂಡೆಯಲ್ಲೇ ಕೂತೆ. ಶಾಲೆಯ ಒಲೆ ಮಾತ್ರ ಕಾಯಲಾರದಲ್ಲ, ದೇವಮ್ಮನ ಸೌಟು ಬೇರೆಯವಳ ಕೈಗೆ ಹೋಯಿತು.

ನೀರಿಳಿದ ಮೇಲೆ ಅಪ್ಪ ಮಗಳು ಸಾವ್ಕಾರನ ಮನೆಗೆ ಹೋಗಿಬಂದರು. ಹಿಂದಿರುಗುವಾಗ ನನ್ನಲ್ಲಿ ಕೂತು ಆಡಿದ ಮಾತಿನಿಂದ ನನಗೆ ಸಂಗತಿ ತಿಳಿಯಿತು. ದೇವಮ್ಮ ಅವನ ಎದುರೇ ಹೇಳಿದ್ದಳಂತೆ, "ನಡು ಹೊಳ್ಯಾಗಿನ ಮಾತು ತಪ್ಪಿದ್ರಿ. ಇನ್ನ ನಿಮಗ ಹರಿಗೋಲಿಲ್ಲ." ಸಾವ್ಕಾರ ಸಿಟ್ಟಾಗಲಿಲ್ಲವಂತೆ. "ಆಗಲಿ ತಾಯಿ," ಎಂದು ನಕ್ಕು ಇಬ್ಬರಿಗೂ ಚಹ ತರಿಸಿದನಂತೆ.

"ನಗತಾನಪ್ಪ ಅಂವ! ಮಾರೆಪ್ಪ ಅತ್ತಿದ್ದ."

ಹುಸೇನಪ್ಪ ಹುಟ್ಟು ಹಾಕುತ್ತಲೇ ಇದ್ದ. "ಉಪ್ಪಿಗೆ ದಾಟೋರ ಸಲುವಾಗಿ ಮಾಡಿದ ಕಟ್ಟಳಿ ಅದು. ಇಲ್ಲಿಗೆ ಬರೂದ ಬ್ಯಾಡಾಗಿದ್ದಂವಗ ಹ್ಯಾಂಗ ತಟ್ಟೀತು?"

ನಮ್ಮ ತಪ್ಪು ನಮಗೆ ತಿಳಿದದ್ದು ಆಗ. ಅಷ್ಟರಲ್ಲಿ ತಡವಾಗಿತ್ತು.

ಹರಿಗೋಲಿನ ಆಯುಷ್ಯ ಎಷ್ಟು! ನನ್ನ ಬಿದಿರು ಕೊಳೆತು ಡಾಂಬರು ಬಿರಿಯಿತು. ಹುಸೇನಪ್ಪನ ತೋಳಿನಲ್ಲೂ ಕಸುವು ಉಳಿಯಲಿಲ್ಲ. ಕೆಲಸವಿಲ್ಲದ ದೇವಮ್ಮ ಹುಟ್ಟು ಹಿಡಿದಳು, ಹೊಸ ಹರಿಗೋಲು ಹೆಣೆದಳು. ಹೊದಿಸಲು ಯಾರೋ ಸೂಗಪ್ಪನ ಫ್ಲೆಕ್ಸು ತಂದುಕೊಟ್ಟರು. ಒಳ್ಳೆಯ ದಪ್ಪ ಫ್ಲೆಕ್ಸು. ಅವಳು ಮುಟ್ಟಲಿಲ್ಲ. "ಅಂವನ್ನ ದಾಟಸೂದಿಲ್ಲ ಅಂದೀನಿ. ಚಿತ್ರಾನೂ ದಾಟಸೂದಿಲ್ಲ," ಎಂದು ಗೊಬ್ಬರದ ಚೀಲಗಳನ್ನು ಬಿಚ್ಚಿ ಕೂಡಿಸಿ ಹೊಲಿದಳು.

ನಾನೀಗ ಬೇವಿನ ಕೆಳಗೆ ಬೋರಲು ಬಿದ್ದಿದ್ದೇನೆ. ನನ್ನ ಒಳಗೆ ಕೋಳಿಗಳ ವಾಸ.

ಮತ್ತೆ ಚುನಾವಣೆ ಬಂದಿದೆ. ಇವತ್ತು ಸೂಗಪ್ಪ ಸಾವ್ಕಾರನೂ ಬಂದ. ಹರಿಗೋಲು ಕೇಳಲಿಲ್ಲ. ಆಚೆ ದಡದಲ್ಲಿ ಜೀಪು ನಿಲ್ಲಿಸಿ, ಅದರ ಮೇಲೆ ಮೈಕು ಕಟ್ಟಿಸಿ, ಅಲ್ಲಿಂದಲೇ ಮಾತಾಡಿದ. ಗಾಳಿ ಇತ್ತ ಬೀಸಿದಾಗ ಸೇತುವೆ ಕೇಳಿಸಿತು. ಆಮೇಲೆ ನರ್ಸಮ್ಮ, ಆಮೇಲೆ ಉಸುಕು. ಹಿಂದಿನ ಮಾತುಗಳೇ, ಹಿಂದಿನ ಕ್ರಮದಲ್ಲೇ.

ದೇವಮ್ಮ ನೀರಿನ ಅಂಚಿಗೆ ಓಡಿದಳು. ಹುಟ್ಟನ್ನು ತಲೆಯ ಮೇಲೆತ್ತಿ ಬೀಸುತ್ತ ಕೂಗಿದಳು, "ನಡು ಹೊಳಿಗೆ ಬಂದು ಹೇಳ್ರಿ! ಬರ್ರಿ, ನಾನ ಕರಕೊಂಡು ಬರ್ತೀನಿ!"

ಅವಳ ಹತ್ತಿರ ಮೈಕು ಎಲ್ಲಿದೆ? ದೂರದಲ್ಲಿ ಹೆಂಗಸೊಬ್ಬಳು ಕೈಬೀಸುವುದಷ್ಟೇ ಸಾವ್ಕಾರನಿಗೆ ಕಂಡಿರಬೇಕು. ಅವನು ಇತ್ತ ತಿರುಗಿ, ಎರಡೂ ಕೈ ಜೋಡಿಸಿ ಅವಳಿಗೆ ನಮಸ್ಕಾರ ಮಾಡಿದ. ಜೀಪು ಹೊರಟುಹೋಯಿತು.

ನನ್ನ ಬೆನ್ನ ಮೇಲೆ ಡಾಂಬರು ಎದ್ದಲ್ಲಿ ಹಳೆಯ ಫ್ಲೆಕ್ಸಿನ ಎರಡು ಕೈಗಳು ಕಾಣುತ್ತವೆ. ಅವೂ ಹಾಗೆಯೇ ಮುಗಿದುಕೊಂಡಿವೆ. ಇಷ್ಟು ವರ್ಷ ಯಾರನ್ನೂ ನಡುನೀರಲ್ಲಿ ಬಿಟ್ಟವನಲ್ಲ ನಾನು. ಹತ್ತಿಸಿಕೊಂಡದ್ದನ್ನೆಲ್ಲ ದಡಕ್ಕೆ ಮುಟ್ಟಿಸಿದೆ. ಸಾವ್ಕಾರನ ಆ ಒಂದು ಮಾತು ಮಾತ್ರ ಇನ್ನೂ ಅಲ್ಲೇ ಇದೆ.

ದೇವಮ್ಮ ಹುಟ್ಟು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಸಂತೆಗೆ ಹೊರಟು ನಿಂತಿದ್ದವರ ಕಡೆ ತಿರುಗಿದಳು. "ಹತ್ರಿ. ಅಲ್ಲಿ ಇಳಿಯೋ ಮುಂದ ನಾ ಮೊದಲ ಇಳೀತೀನಿ, ನನ್ನ ಹಿಂದ ಬರ್ರಿ."